ಶಿರಸಿಯ ಮಸಾಲೆ ತೋಟದಲ್ಲಿ ನಮ್ಮ ಕೊಟ್ಟಿಗೆಯ ಲೆಕ್ಕ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಮಹಿಳಾ ಹಾಲು ಉತ್ಪಾದಕರ ಸಂಘಗಳಿಂದ ನಾವು 36 ಮಂದಿ ಸದಸ್ಯೆಯರು ಈ ಫೆಬ್ರುವರಿಯಲ್ಲಿ ಶಿರಸಿ, ಸಿದ್ದಾಪುರ ಕಡೆಯ ಮಸಾಲೆ ತೋಟಗಳನ್ನು ನೋಡಿ ಬಂದೆವು. ಬಸ್ಸಿನ ಬಾಡಿಗೆ, ಊಟದ ಖರ್ಚು ಎಲ್ಲ ನಮ್ಮದೇ. ಧರ್ಮಸ್ಥಳ, ಮಾದಪ್ಪನ ಬೆಟ್ಟ ಎಲ್ಲರಿಗೂ ಆಗಿದೆ, ಈ ಸಲ ಉಪಯೋಗಕ್ಕೆ ಬರುವ ಪ್ರವಾಸ ಮಾಡೋಣ ಅಂತ ಮಾತಾಗಿತ್ತು.

ಹೋಗುವಾಗ ನಮ್ಮ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಬದುವಿನ ಮೇಲಿನ ತೆಂಗಿಗೆ, ಸಿಲ್ವರ್ ಓಕ್ ಮರಕ್ಕೆ ಕಾಳುಮೆಣಸು ಹಬ್ಬಿಸಬಹುದಾ? ಮೊಬೈಲಿನಲ್ಲಿ ಈಗ ಇಂಥ ವೀಡಿಯೊಗಳು ದಿನಕ್ಕೆ ನಾಲ್ಕು ಬರುತ್ತವೆ. ಒಂದು ಎಕರೆ ತೆಂಗು ಇದ್ದರೆ ಸಾಕು, ಮೆಣಸು ಹಾಕಿ ಲಕ್ಷ ಎಣಿಸಿ ಅನ್ನುತ್ತಾರೆ. ಕರ್ನಾಟಕ ಈಗ ದೇಶದಲ್ಲೇ ಹೆಚ್ಚು ಕಾಳುಮೆಣಸು ಬೆಳೆಯುವ ರಾಜ್ಯ ಅನ್ನುವುದು ನಿಜವೇ. ಆದರೆ ಅದರಲ್ಲಿ ಬಹುಪಾಲು ಬರುವುದು ಕೊಡಗು, ಚಿಕ್ಕಮಗಳೂರು, ಹಾಸನದ ಮಲೆನಾಡು, ಉತ್ತರ ಕನ್ನಡದಂಥ ಮಳೆ ನಾಡಿನಿಂದ. ನಮ್ಮ ಬಂಡೆ ನಾಡಿಗೆ ಅದು ಹೊಂದುತ್ತದೆಯೇ ಅನ್ನುವುದನ್ನು ಬೆಳೆದವರ ಬಾಯಿಂದಲೇ ಕೇಳಬೇಕಿತ್ತು.

ಹೊರಡುವುದೇ ದೊಡ್ಡ ಕೆಲಸವಾಯಿತು. ಎರಡು ದಿನ, ಎರಡು ರಾತ್ರಿ ಕೊಟ್ಟಿಗೆ ಬಿಟ್ಟು ಹೋಗುವುದೆಂದರೆ ಹಸು ಇಟ್ಟವರಿಗೆ ಗೊತ್ತು. ಸೊಸೆಗೆ, ತಂಗಿಗೆ, ಪಕ್ಕದ ಮನೆಯವರಿಗೆ, ಕೆಲವರು ಗಂಡಂದಿರಿಗೆ ಕೊಟ್ಟಿಗೆ ವಹಿಸಿ ಬಸ್ಸು ಹತ್ತಿದೆವು. ಬೆಳಗಿನ ಜಾವ ಐದೂವರೆಗೆ ಬಸ್ಸು ಹಾವೇರಿ ದಾಟುವ ಹೊತ್ತಿಗೆ ಫೋನುಗಳು ಶುರುವಾದವು. ಚನ್ನಪಟ್ಟಣದ ಒಬ್ಬಾಕೆಯ ಗಂಡ, "ನಿನ್ ಹಸ ಹಾಲೇ ಇಳಿಸ್ತಿಲ್ಲ ಕಣೆ, ಒದೀತೈತೆ" ಅಂತ ಕೂಗಾಡುತ್ತಿದ್ದುದು ಹಿಂದಿನ ಸೀಟಿನವರೆಗೂ ಕೇಳಿಸಿತು. ಆಕೆ ನಗದೆ, "ನನ್ ಸೀರೆ ಒಂದ ಹೆಗಲ ಮೇಲೆ ಹಾಕ್ಕೊಂಡ್ ಕೂತ್ಕೊಳ್ಳಿ, ಇಳಿಸ್ತದೆ" ಅಂದಳು. ಹತ್ತು ನಿಮಿಷಕ್ಕೆ ಮತ್ತೆ ಫೋನು, ಇಳಿಸಿತಂತೆ. ಹಸು ಗುರುತು ಹಿಡಿಯುವುದು ವಾಸನೆಯನ್ನು, ಕೈಯನ್ನು. ಪಶುವೈದ್ಯರು ಹೇಳುವುದೂ ಇದನ್ನೇ.

ಶಿರಸಿ ಸೀಮೆಯ ತೋಟವೆಂದರೆ ಎರಡು ಗುಡ್ಡಗಳ ನಡುವಿನ ತಗ್ಗು. ಅಲ್ಲಿನವರು ಅದಕ್ಕೆ ಭಾಗಾಯ್ತು ಅನ್ನುತ್ತಾರೆ. ಮೇಲೆ ನೆತ್ತಿಗೆ ಅಡಿಕೆ ಮರ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅದರ ಕೆಳಗೆ ಬಾಳೆ, ಇನ್ನೂ ಕೆಳಗೆ ಏಲಕ್ಕಿ ಹಿಂಡು, ನಡುನಡುವೆ ಜಾಯಿಕಾಯಿ, ಲವಂಗ, ದಾಲ್ಚಿನ್ನಿಯ ಮರ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಕಾಲಿಟ್ಟರೆ ತಣ್ಣಗೆ. ಒಂದು ತುಂಡು ನೆಲದಲ್ಲಿ ಇಷ್ಟು ಬೆಳೆ ನಿಂತಿರುವುದನ್ನು ನೋಡಿ ರಾಗಿ, ಅವರೆ, ಸಾಸಿವೆ ಒಟ್ಟಿಗೆ ಅಕ್ಕಡಿ ಹಾಕುವ ನಮಗೆ ಅದು ತೀರ ಹೊಸದು ಅನ್ನಿಸಲಿಲ್ಲ. ಅಕ್ಕಡಿಯನ್ನೇ ಮೇಲಕ್ಕೆ ಎತ್ತಿ ನಿಲ್ಲಿಸಿದ ಹಾಗೆ ಇತ್ತು.

ಜಾಯಿಕಾಯಿ ಮರದಲ್ಲೇ ಇರುವುದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಹಣ್ಣು ಬಿರಿದಾಗ ಒಳಗೆ ಬೀಜವನ್ನು ಬಲೆಯಂತೆ ಹೊದ್ದಿರುವ ಕೆಂಪು ಪದರವೇ ಜಾಪತ್ರೆ. ಒಂದೇ ಹಣ್ಣು, ಎರಡು ಮಸಾಲೆ. ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜದಿಂದ ಬೆಳೆಸಿದರೆ ಹೂ ಬಿಡುವವರೆಗೂ ಯಾವುದೆಂದು ಗೊತ್ತಾಗದು, ಅದಕ್ಕೇ ಈಗ ಕಸಿ ಗಿಡ ನೆಡುತ್ತಾರೆ. ಇದು ನಮ್ಮ ನೆಲದ್ದಲ್ಲ, ಇಂಡೋನೇಷ್ಯಾದ ಬಾಂಡಾ ಅನ್ನುವ ಸಣ್ಣ ದ್ವೀಪಗಳದ್ದು. ಈ ಕಾಯಿಯ ವ್ಯಾಪಾರ ತಮ್ಮೊಬ್ಬರ ಕೈಯಲ್ಲೇ ಇರಬೇಕೆಂದು ಡಚ್ಚರು 1621ರಲ್ಲಿ ಅಲ್ಲಿನ ಜನರನ್ನು ಕೊಂದು, ಉಳಿದವರನ್ನು ಓಡಿಸಿ ದ್ವೀಪಗಳನ್ನೇ ಹಿಡಿದರು. ಲವಂಗವೂ ಅದೇ ದಿಕ್ಕಿನ ಸಮುದ್ರದಿಂದ ಹೊರಟು ಆಫ್ರಿಕಾದ ಪಕ್ಕದ ಜಾಂಜಿಬಾರ್ ದ್ವೀಪ ಸೇರಿತು, ಅಲ್ಲಿ ಗುಲಾಮರ ಬೆನ್ನಿನ ಮೇಲೆ ಬೆಳೆಯಿತು. ಇವತ್ತು ಅದೇ ಜಾಂಜಿಬಾರ್‌ನಲ್ಲಿ ಮಸಾಲೆ ತೋಟ ತೋರಿಸುವುದೇ ಒಂದು ಕಸುಬು. ದೂರದೂರದಿಂದ ಬಂದವರು ದುಡ್ಡು ಕೊಟ್ಟು ಎಲೆ ಮುರಿದು ಮೂಸಿ ಹೋಗುತ್ತಾರಂತೆ.

ಕಾಳುಮೆಣಸು ಮಾತ್ರ ನಮ್ಮದೇ ಘಟ್ಟದ ಬಳ್ಳಿ. ಮೆಣಸಿಗಾಗಿ ಪೋರ್ಚುಗೀಸರು ಈ ಕರಾವಳಿಗೆ ಬಂದ ಕಾಲದಲ್ಲಿ ಗೇರುಸೊಪ್ಪೆಯನ್ನು ಆಳುತ್ತಿದ್ದವಳು ಒಬ್ಬ ಹೆಣ್ಣುಮಗಳು, ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಈ ಸಂಗತಿ ಕೇಳಿದಾಗ ಕನಕಪುರದ ಹಿರಿಯಾಕೆ ಒಬ್ಬರು, "ಹಂಗಾರೆ ಮೆಣಸಿನ ದುಡ್ಡು ಆವಾಗ್ಲೇ ಹೆಣ್ಣಿನ ಕೈಲಿತ್ತು ಅನ್ನಿ" ಅಂದರು. ಆ ಮಾತು ಮುಂದೆ ಮತ್ತೆ ಬಂತು.

ಗೊಬ್ಬರದ ಗುಂಡಿಯ ಹತ್ತಿರ

ತೋಟ ಸುತ್ತಿಸಿದ ಮೇಲೆ ಮನೆಯ ಯಜಮಾನಿ, ಅರವತ್ತು ದಾಟಿದ ಹವ್ಯಕ ಹೆಂಗಸು, ಆಸರಿಗೆ ಮಜ್ಜಿಗೆ ಕೊಟ್ಟರು. ನಾವು ಹಾಲಿನವರು ಅಂತ ಗೊತ್ತಾದ ಕೂಡಲೇ ಕೊಟ್ಟಿಗೆ ಕಡೆ ಕರೆದುಕೊಂಡು ಹೋದರು. ದೊಡ್ಡ ಕೊಟ್ಟಿಗೆ, ಹದಿನಾರು ಗೂಟ. ಕಟ್ಟಿದ್ದು ಎರಡೇ ಮಲೆನಾಡು ಗಿಡ್ಡ ಮತ್ತು ಒಂದು ಜೆರ್ಸಿ.

"ಮೊದಲು ಹದಿನಾರೂ ಗೂಟ ತುಂಬಿತ್ತು ತಂಗಿ. ಹೊತ್ತಿಗೆ ಅರ್ಧ ಲೀಟರ್ ಕೊಟ್ಟರೆ ಹೆಚ್ಚು. ಹಾಲಿಗೆ ಅಂತ ಯಾರು ಸಾಕಿದ್ದರು? ಸಾಕಿದ್ದು ಗೊಬ್ಬರಕ್ಕೆ."

ಇದನ್ನು ಅವರು ಬಿಡಿಸಿ ಹೇಳಿದರು. ಅಲ್ಲಿ ತೋಟದ ಜೊತೆಗೆ ಸೊಪ್ಪಿನ ಬೆಟ್ಟ ಅಂತ ಇರುತ್ತದೆ. ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟದಿಂದ ಸೊಪ್ಪು ತರುವ ಹಕ್ಕು ಬಂದಿದೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ನಮ್ಮ ತರಗು, ಹೊತ್ತು ತಂದು ದನದ ಕಾಲಡಿ ಹಾಸುತ್ತಾರೆ. ದನ ತುಳಿಯುತ್ತದೆ, ಸೆಗಣಿ ಬೀಳುತ್ತದೆ, ಗಂಜಲ ಒಂದು ತೊಟ್ಟೂ ಹೊರಗೆ ಹೋಗದೆ ಸೊಪ್ಪಿನಲ್ಲಿ ಇಂಗುತ್ತದೆ. ಅದನ್ನು ಬಾಚಿ ಗುಂಡಿಗೆ. ಗುಂಡಿಗೆ ಮೇಲೆ ಮಾಡು. ಕಳಿತ ಮೇಲೆ ಅಡಿಕೆ ಬುಡಕ್ಕೆ, ಮೆಣಸಿನ ಬುಡಕ್ಕೆ, ಏಲಕ್ಕಿ ಹಿಂಡಿಗೆ. ನೂರಾರು ವರ್ಷ ಆ ತೋಟಗಳು ನಿಂತಿದ್ದು ಈ ಗುಂಡಿಯ ಮೇಲೆ.

ಈಗ ಸೊಪ್ಪು ಹೊರುವವರಿಲ್ಲ. ಮಕ್ಕಳು ಬೆಂಗಳೂರಿನಲ್ಲಿ. ಆಳು ಸಿಗದೆ ದನ ಕಡಿಮೆ ಮಾಡಿದರು. ದನ ಕಡಿಮೆಯಾದ ಮೇಲೆ ತೋಟಕ್ಕೆ ಗೊಬ್ಬರ ಸಾಲದು. ಹಾಗಾಗಿ ಬಯಲುಸೀಮೆ ಕಡೆಯಿಂದ ಲಾರಿಯಲ್ಲಿ ಕುರಿ ಗೊಬ್ಬರ, ಕೊಟ್ಟಿಗೆ ಗೊಬ್ಬರ ತರಿಸುತ್ತಾರೆ. "ಗೊಬ್ಬರಕ್ಕಿಂತ ಲಾರಿ ಬಾಡಿಗೆಯೇ ಜಾಸ್ತಿ. ಅದರಲ್ಲೂ ಅರ್ಧ ಮಣ್ಣು ಬರುತ್ತದೆ" ಅಂದರು ಆಕೆ. ಹೇಳುವಾಗ ಖಾಲಿ ಗೂಟಗಳ ಕಡೆ ನೋಡುತ್ತಿದ್ದರು.

ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕೆಂದರೆ ನಮ್ಮ ಊರುಗಳಲ್ಲಿ ಅದೇ ಗೊಬ್ಬರವನ್ನು ಟ್ರಾಕ್ಟರ್ ಲೋಡ್ ಲೆಕ್ಕದಲ್ಲಿ ಕೊಟ್ಟುಬಿಡುತ್ತೇವೆ. ರಸ್ತೆ ಬದಿಯ ತಿಪ್ಪೆ, ಮಳೆಗೆ ಕೊಚ್ಚಿ, ಬಿಸಿಲಿಗೆ ಒಣಗಿ ಸತ್ವ ಹೋಗಿರುತ್ತದೆ. ದರ ಕುದುರಿಸುವವರು ಮನೆಯ ಗಂಡಸರು. ದಿನಾ ಎರಡು ಹೊತ್ತು ಸೆಗಣಿ ಬಾಚಿದವಳಿಗೆ ಆ ದುಡ್ಡು ಯಾವಾಗ ಬಂತು, ಎಲ್ಲಿ ಹೋಯಿತು ಗೊತ್ತಿರುವುದಿಲ್ಲ. ಹಾಲಿನ ಬಟವಾಡೆ ಹೆಂಗಸಿನ ಖಾತೆಗೆ ಬರುವಂತಾಗಲು ಎಷ್ಟು ವರ್ಷ ಬೇಕಾಯಿತು ನೆನೆಸಿಕೊಳ್ಳಿ. ಗೊಬ್ಬರದ ವಿಷಯದಲ್ಲಿ ನಾವು ಇನ್ನೂ ಆ ಹಳೆಯ ಕಾಲದಲ್ಲೇ ಇದ್ದೇವೆ.

ಲೆಕ್ಕ ಹಾಕಿ ನೋಡೋಣ. ಒಂದು ಮಿಶ್ರತಳಿ ಹಸು ದಿನಕ್ಕೆ 15ರಿಂದ 20 ಕಿಲೋ ಸೆಗಣಿ ಹಾಕುತ್ತದೆ. ಎರಡು ಹಸುವಿಗೆ ವರ್ಷಕ್ಕೆ 10 ಟನ್ ಮೀರುತ್ತದೆ. ಕಳಿತು ಅರ್ಧಕ್ಕಿಂತ ಕಡಿಮೆಯಾದರೂ ನಾಲ್ಕು ಟನ್ ಒಳ್ಳೆಯ ಗೊಬ್ಬರ ಉಳಿಯುತ್ತದೆ. ಗಂಜಲ ಬೇರೆ. ಅದರಲ್ಲಿ ಸಾರಜನಕ ಹೇರಳ. ಸಿಮೆಂಟ್ ನೆಲ ತೊಳೆದು ನಾವು ಅದನ್ನು ಚರಂಡಿಗೆ ಬಿಡುತ್ತೇವೆ.

ಹಾಗಂತ ಅವರಂತೆ ಹಸಿ ಸೊಪ್ಪನ್ನು ಹಸುವಿನ ಕಾಲಡಿ ಹಾಸಲು ಹೋಗಬೇಡಿ. ಗಿಡ್ಡ ತಳಿ ತಡೆಯುತ್ತದೆ, ನಮ್ಮ ಎಚ್.ಎಫ್. ತಡೆಯದು. ಒದ್ದೆ ಹಾಸಿನ ಮೇಲೆ ಮಲಗಿದರೆ ಕೆಚ್ಚಲು ಬಾವು ಖಂಡಿತ. ಬದಲಿಗೆ ಕೊಟ್ಟಿಗೆಯ ಗಂಜಲ ಹರಿದು ಬಂದು ಗುಂಡಿಗೇ ಬೀಳುವಂತೆ ಮಾಡಿಕೊಂಡು, ಗುಂಡಿಯಲ್ಲಿ ಪದರ ಪದರವಾಗಿ ಹಾಕಬಹುದು. ನಮಗೆ ಸೊಪ್ಪಿನ ಬೆಟ್ಟ ಇಲ್ಲದಿದ್ದರೂ ಹೊಂಗೆ ಸೊಪ್ಪಿದೆ, ಮಾವಿನ ತರಗಿದೆ, ಹಸು ತಿಂದು ಬಿಟ್ಟ ಹುಲ್ಲಿನ ಕಡ್ಡಿ ಇದೆ, ರೇಷ್ಮೆ ಸಾಕುವ ಮನೆಯಲ್ಲಿ ಹುಳದ ಹಿಕ್ಕೆ, ಹಿಪ್ಪುನೇರಳೆ ಕಡ್ಡಿ ಇದೆ. ಗುಂಡಿಯ ಮೇಲೆ ನಾಲ್ಕು ತೆಂಗಿನ ಗರಿ ಹೊದಿಸಿದರೂ ನೆರಳಾಯಿತು.

ಅಂಗಳದ ಕೆಲಸ

ಫೆಬ್ರುವರಿ ಅಲ್ಲಿ ಮೆಣಸು ಕೊಯ್ಯುವ ಕಾಲ. ಸರದಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಲಿಗೆ ಬಂತು ಅಂತ ಲೆಕ್ಕ. ಏಣಿ ಹತ್ತಿ ಕೊಯ್ಯುವುದು ಗಂಡಸರು. ಆಮೇಲಿನದೆಲ್ಲ ಹೆಂಗಸರದ್ದೇ. ಕಾಳು ಉದುರಿಸಿ, ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಹೀಗೆ ಮಾಡಿದರೆ ಧೂಳು ಹೋಗುತ್ತದೆ, ಬೇಗ ಒಣಗುತ್ತದೆ, ಎಲ್ಲ ಕಾಳೂ ಒಂದೇ ಸಮ ಕಪ್ಪಾಗುತ್ತದೆ. ನೂರು ಕಿಲೋ ಹಸಿ ಕಾಳು ಒಣಗಿದರೆ ಸುಮಾರು 33 ಕಿಲೋ. ಒಣಗಿದ್ದನ್ನು ಮೊರದಲ್ಲಿ ಕೇರಿ ಜೊಳ್ಳು ಬೇರೆ ಮಾಡುತ್ತಾರೆ.

ಕೇರುವ ಕಡೆ ನಮಗೊಂದು ಸೋಜಿಗ ಕಾದಿತ್ತು. ನಾವು ಹಾಲಿಗೆ ಫ್ಯಾಟು, ಎಸ್.ಎನ್.ಎಫ್. ನೋಡುವಂತೆ ಮೆಣಸಿಗೆ ಲೀಟರ್ ತೂಕ ನೋಡುತ್ತಾರೆ. ಒಂದು ಲೀಟರ್ ಅಳತೆಯಲ್ಲಿ ಕಾಳು ತುಂಬಿ ತೂಗಿದರೆ 500 ಗ್ರಾಂ ಬರಬೇಕು, 550 ಬಂದರೆ ಒಳ್ಳೆಯ ಮಾಲು. ಜೊಳ್ಳು ಬೆರೆತರೆ ತೂಕ ಬೀಳುತ್ತದೆ, ದರವೂ ಬೀಳುತ್ತದೆ. ಮಾಗಡಿಯ ಒಂದು ಸಂಘದ ಕಾರ್ಯದರ್ಶಿ ನಮ್ಮ ಜೊತೆಗಿದ್ದರು. "ನೀರು ಬೆರೆಸಿದ ಹಾಲು, ಜೊಳ್ಳು ಬೆರೆಸಿದ ಮೆಣಸು ಎರಡೂ ಅಳತೆಗೆ ಸಿಕ್ಕಿಬೀಳ್ತವೆ" ಅಂತ ನಕ್ಕರು.

ಮಾರುವ ವಿಷಯದಲ್ಲೂ ಅವರು ನಮ್ಮಂತೆಯೇ. ಶಿರಸಿಯಲ್ಲಿ 1923ರಲ್ಲಿ ಕಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಇದೆ, ಎಲ್ಲರೂ ಟಿ.ಎಸ್.ಎಸ್. ಅನ್ನುತ್ತಾರೆ. ಅಡಿಕೆ, ಮೆಣಸು, ಏಲಕ್ಕಿ ಅಲ್ಲಿಗೆ ಹೋಗುತ್ತದೆ, ವ್ಯಾಪಾರಸ್ಥರು ಅಲ್ಲಿಗೇ ಬಂದು ದರ ಕೂಗಬೇಕು. ಮನೆ ಬಾಗಿಲಿಗೆ ಬಂದ ದಲ್ಲಾಳಿ ಹೇಳಿದ್ದೇ ದರ ಅನ್ನುವ ಸ್ಥಿತಿ ಇಲ್ಲ. ನಮ್ಮ ಕಡೆ ಹತ್ತು ಕಿಲೋ ಮೆಣಸು ಬೆಳೆದವಳು ಅದನ್ನು ಎಲ್ಲಿ ಮಾರುತ್ತಾಳೆ? ಈ ಪ್ರಶ್ನೆಗೆ ಯಾವ ವೀಡಿಯೊದವರೂ ಉತ್ತರ ಹೇಳುವುದಿಲ್ಲ.

ಅದೇ ತೋಟದ ಒಂದು ಮೂಲೆಯಲ್ಲಿ ವೆನಿಲ್ಲಾ ಬಳ್ಳಿ ಉಳಿದಿತ್ತು. ಹಾಲು ಒಕ್ಕೂಟಗಳ ಐಸ್‌ಕ್ರೀಮಿಗೂ ಹಾಕುವ ಪರಿಮಳ ಇದರದ್ದೇ. ಬಳ್ಳಿ ಮೆಕ್ಸಿಕೋದ್ದು. ಅಲ್ಲಿಂದ ಹೊರಗೆ ಎಲ್ಲಿ ನೆಟ್ಟರೂ ಹೂ ಬಿಡುತ್ತಿತ್ತೇ ಹೊರತು ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಅನ್ನುವ ಹನ್ನೆರಡು ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿಯಿಂದ ಹೂವಿನೊಳಗಿನ ಪೊರೆ ಎತ್ತಿ, ಬೆರಳಿನಿಂದ ಒತ್ತಿ ಪರಾಗ ಮುಟ್ಟಿಸುವುದನ್ನು ಕಂಡುಕೊಂಡ. ಲೋಕದ ವೆನಿಲ್ಲಾವೆಲ್ಲ ಅವನ ಆ ಕೈಚಳಕದಿಂದಲೇ. ಅವನು ಮಾತ್ರ ಬಡವನಾಗಿಯೇ ಸತ್ತ. ಯಜಮಾನಿಯ ಸೊಸೆ ಬೆಳಗಿನ ಹೊತ್ತು ಅರಳಿದ ಹೂವಿಗೆ ಹಾಗೆಯೇ ಕಡ್ಡಿ ಮುಟ್ಟಿಸಿ ತೋರಿಸಿದರು. ಒಂದು ಹೂವಿಗೆ ಒಂದು ಕಾಯಿ. ಮಧ್ಯಾಹ್ನಕ್ಕೆ ಹೂ ಬಾಡುತ್ತದೆ.

2003ರ ಹೊತ್ತಿಗೆ ಹಸಿ ಕಾಯಿಗೆ ಕಿಲೋಗೆ ಮೂರು ಸಾವಿರ ರೂಪಾಯಿವರೆಗೆ ಬಂದಿತ್ತು. ಮಡಗಾಸ್ಕರ್ ದ್ವೀಪದಲ್ಲಿ ಬಿರುಗಾಳಿಗೆ ಅಲ್ಲಿನ ಬೆಳೆ ಹಾಳಾಗಿದ್ದೇ ಕಾರಣ. ಇಲ್ಲಿ ಸಾಲ ಮಾಡಿ ನೆಟ್ಟರು. ರಾತ್ರಿ ಬಳ್ಳಿ ಕದ್ದುಕೊಂಡು ಹೋಗುತ್ತಾರೆಂದು ಕಾವಲು ಕೂತರು. ಎರಡು ಮೂರು ವರ್ಷಕ್ಕೆ ಮಡಗಾಸ್ಕರ್ ಬೆಳೆ ಚೇತರಿಸಿಕೊಂಡಿತು, ದರ ನೆಲ ಕಚ್ಚಿತು. "ಆಗ ಕೈ ಹಿಡಿದದ್ದು ಎರಡು ದನ ಮತ್ತು ಹಳೇ ಮೆಣಸು" ಅಂದರು ಯಜಮಾನಿ.

ನಮ್ಮ ನೆಲಕ್ಕೆ ಎಷ್ಟು?

ಶಿರಸಿಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ 800ರಿಂದ 900. ಹೀಗಿರುವಾಗ ಏಲಕ್ಕಿಯ ಆಸೆ ಬಿಟ್ಟುಬಿಡಿ. ಜಾಯಿಕಾಯಿ, ಲವಂಗ ಒಂದೆರಡು ಗಿಡ ಹಿತ್ತಲಲ್ಲಿ ಶೋಕಿಗೆ ಹಾಕಿಕೊಳ್ಳಬಹುದು, ಅಷ್ಟೇ. ಅರಿಶಿನ ತೆಂಗಿನ ನೆರಳಲ್ಲಿ ಚೆನ್ನಾಗಿ ಬರುತ್ತದೆ, ಗೊಬ್ಬರವನ್ನೂ ಬೇಡುತ್ತದೆ, ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು.

ಮೆಣಸು ಬರುತ್ತದೆ, ಷರತ್ತು ಇವೆ. ಮಾರ್ಚಿನಿಂದ ಮೇ ವರೆಗೆ ಬುಡಕ್ಕೆ ನೀರು ಕೊಡಲು ಬೋರ್‌ವೆಲ್ ಇರಬೇಕು, ಹನಿ ನೀರಾವರಿ ಆದರೆ ಉತ್ತಮ. ಅಡಿಕೆ, ತೆಂಗಿನ ತೋಟದ ನೆರಳು ಇರಬೇಕು. ಒಂಟಿ ಮರಕ್ಕೆ ಹಬ್ಬಿಸಿದರೆ ಎಳೆ ಬಳ್ಳಿ ಬಿಸಿಲಿಗೆ ಬೆಂದುಹೋಗುತ್ತದೆ. ಕಾಯಿ ಕೀಳಲು ಹತ್ತುವ ತೆಂಗಿನ ಮರಕ್ಕೆ ಬೇಡ, ಬಳ್ಳಿಯೂ ಹಾಳು, ಹತ್ತುವವರಿಗೂ ಅಪಾಯ. ಸಿಲ್ವರ್ ಓಕ್ ಸರಿ. ಹಾಲುವಾಣದ ಮರ ಇನ್ನೂ ವಾಸಿ, ಸವರಿದ ಸೊಪ್ಪು ಹಸುವಿಗೂ ಆಯಿತು.

ಮರದ ಉತ್ತರ ದಿಕ್ಕಿಗೆ, ಬುಡದಿಂದ ಒಂದಡಿ ದೂರದಲ್ಲಿ, ಒಂದೂವರೆ ಅಡಿ ಉದ್ದಗಲ ಆಳದ ಗುಂಡಿ. ಮೇಲ್ಮಣ್ಣಿಗೆ ಕಳಿತ ಗೊಬ್ಬರ ಬೆರೆಸಿ ತುಂಬಿ, ಜೂನ್–ಜುಲೈ ಮಳೆಗೆ ಸಸಿ ನೆಡಬೇಕು. ದೊಡ್ಡ ಬಳ್ಳಿಗೆ ವರ್ಷಕ್ಕೆ 10 ಕಿಲೋ ಕೊಟ್ಟಿಗೆ ಗೊಬ್ಬರ ಸಾಕು. ನೆಟ್ಟ ಮೂರನೇ ವರ್ಷದಿಂದ ಕಾಳು. ನೀರು ನಿಂತರೆ ಸೊರಗು ರೋಗ ಬರುತ್ತದೆ, ನಿನ್ನೆ ಹಸಿರಾಗಿದ್ದ ಬಳ್ಳಿ ವಾರದಲ್ಲಿ ಒಣಗಿ ನಿಲ್ಲುತ್ತದೆ. ಅದಕ್ಕೆ ಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆರೆಸಿ ಬುಡಕ್ಕೆ ಹಾಕುತ್ತಾರೆ, ಮಳೆಗೆ ಮುಂಚೆ ಬೋರ್ಡೊ ದ್ರಾವಣ ಸಿಂಪಡಿಸುತ್ತಾರೆ. ಇಲ್ಲಿ ಒಂದು ಮಾತು ಮರೆಯಬೇಡಿ. ಬೋರ್ಡೊ ಅಂದರೆ ಮೈಲುತುತ್ತ, ಅದರಲ್ಲಿರುವುದು ತಾಮ್ರ. ಸಿಂಪಡಿಸಿದ ಮರದ ಕೆಳಗಿನ ಹುಲ್ಲನ್ನು ಕುಯ್ದು ಹಸುವಿಗೆ ಹಾಕಬೇಡಿ, ಕುರಿಗಂತೂ ಅದು ವಿಷವೇ.

ಇನ್ನು ದುಡ್ಡು. ಇಪ್ಪತ್ತು ಬಳ್ಳಿ ಇಟ್ಟುಕೊಳ್ಳಿ. ನಮ್ಮ ಹವೆಗೆ ಬಳ್ಳಿಗೆ ಅರ್ಧ ಕಿಲೋ ಒಣ ಕಾಳು ಅಂದುಕೊಂಡರೆ ಹತ್ತು ಕಿಲೋ ಆಯಿತು. ಕಿಲೋಗೆ 600 ಸಿಕ್ಕರೆ ವರ್ಷಕ್ಕೆ ಆರು ಸಾವಿರ. ಕಳೆದ ಹತ್ತು ವರ್ಷದಲ್ಲಿ ದರ 700ರ ಹತ್ತಿರ ಹೋಗಿ, 300ರ ಹತ್ತಿರಕ್ಕೆ ಇಳಿದು, ಮತ್ತೆ 600 ದಾಟಿದೆ. ಲಕ್ಷದ ಮಾತು ಎಲ್ಲಿ, ಇದು ಎಲ್ಲಿ! ಮಗುವಿನ ಶಾಲೆಯ ಪುಸ್ತಕಕ್ಕೆ, ಹಬ್ಬದ ಬಟ್ಟೆಗೆ ಆಗುತ್ತದೆ. ಹಸು ಮಾರಿ ಮೆಣಸು ಹಾಕುತ್ತೇನೆ ಅನ್ನುವವರಿಗೆ ಮಾತ್ರ ಶಿರಸಿಯ ಆ ಹದಿನಾರು ಗೂಟ ತೋರಿಸಬೇಕು.

ಇಪ್ಪತ್ತು ಬಳ್ಳಿಗೆ ಬೇಕಾದ್ದು ಎರಡು ಕ್ವಿಂಟಲ್ ಗೊಬ್ಬರ. ಎರಡು ಹಸುವಿನ ನಾಲ್ಕು ಟನ್ನಿನಲ್ಲಿ ಅದು ಯಾವ ಲೆಕ್ಕ? ರಾಗಿ ಹೊಲಕ್ಕೆ ಹಾಕಿಯೂ ಮಾರಲು ಉಳಿಯುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ಮೆಣಸಿಗಿಂತ ಇದರ ಮಾತೇ ಹೆಚ್ಚು ನಡೆಯಿತು. "ನಮ್ಮನೆಯವ್ರು ಒಪ್ಪಲ್ಲ" ಅಂತ ಒಬ್ಬಳು ಅಂದರೆ, "ಹಾಲಿನ ದುಡ್ಡಿಗೂ ಮೊದ್ಲು ಹಿಂಗೇ ಅಂದಿದ್ರು" ಅಂತ ಇನ್ನೊಬ್ಬಳು. ತುಮಕೂರು ಬರುವವರೆಗೂ ಮುಗಿಯಲಿಲ್ಲ.

ಬರುವಾಗ ನಾಲ್ಕೈದು ಜನ ಬಳ್ಳಿಯ ತುಂಡು ಕೇಳಿದ್ದರು. ಯಜಮಾನಿ ಕೊಡಲಿಲ್ಲ. ಬುಡದ ಮಣ್ಣಿನ ಜೊತೆ ರೋಗವೂ ಬಸ್ಸು ಹತ್ತುತ್ತದೆ, ನಿಮ್ಮೂರಲ್ಲೇ ನರ್ಸರಿ ಸಸಿ ತಗೊಳ್ಳಿ ಅಂದರು. ಒಳ್ಳೆಯದೇ ಆಯಿತು. ಸಸಿ, ತಳಿ ಎರಡಕ್ಕೂ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ, ಮಾಗಡಿ ತಾಲ್ಲೂಕು ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈಗಲೇ ವಿಚಾರಿಸಿಡಿ. ಪಣಿಯೂರ್-1 ತಳಿ ದಟ್ಟ ನೆರಳಿಗೆ ಆಗದು, ಸ್ವಲ್ಪ ಬೆಳಕು ಬೀಳುವ ತೆಂಗಿನ ತೋಟಕ್ಕೆ ಸರಿ ಹೋಗುತ್ತದೆ.

ಮಾಗಡಿ ಕಡೆಯ ಒಂದು ಊರಿನ ಏಳು ಮಂದಿ ಊರು ತಲುಪುವ ಮೊದಲೇ ಒಂದು ತೀರ್ಮಾನ ಮಾಡಿದರು. ಮೊದಲು ಗುಂಡಿ, ಆಮೇಲೆ ಬಳ್ಳಿ. ಗೊಬ್ಬರವನ್ನು ಹಸಿ ತಿಪ್ಪೆಯಾಗಿ ಲೋಡ್ ಲೆಕ್ಕದಲ್ಲಿ ಕೊಡದೆ, ಕಳಿತ ಮೇಲೆ ಚೀಲ ಲೆಕ್ಕದಲ್ಲಿ ಕೊಡುವುದು, ಏಳು ಮನೆಯದ್ದೂ ಒಂದೇ ದರ, ದುಡ್ಡು ಹಾಲಿನ ಬಟವಾಡೆ ಬರುವ ಖಾತೆಗೇ. ಗುಂಡಿ ತೋಡುವುದು ಯುಗಾದಿ ಕಳೆದ ಮೇಲೆ.